ಮಲಯಾದಲ್ಲಿ ಸೋತ ಸೇನೆಯೇ ಬರ್ಮಾದಲ್ಲಿ ಗೆದ್ದದ್ದು ಹೇಗೆ? ಜೊತೆಗೆ 1ನೇ ಮೈಸೂರು ಇನ್‌ಫೆಂಟ್ರಿ ಬಗ್ಗೆ ಒಂದು ಪ್ರಶ್ನೆ

ಹೆಬ್ಬಾಗಿಲು:
ಎಲ್ಲರಿಗೂ ನಮಸ್ಕಾರ. ನಮ್ಮ ತಾತನ ಅಣ್ಣ 1942ರಲ್ಲಿ ಸಿಂಗಾಪುರದಲ್ಲಿ ಜಪಾನೀಯರ ಕೈಗೆ ಸೆರೆ ಸಿಕ್ಕವರು. ಮನೆಯಲ್ಲಿ ಉಳಿದಿರುವ ಕಾಗದದಲ್ಲಿ ‘1ನೇ ಮೈಸೂರು ಇನ್‌ಫೆಂಟ್ರಿ, ಐ.ಎಸ್.ಎಫ್.’ ಎಂಬುದಷ್ಟೇ ಓದಲು ಬರುತ್ತದೆ. ಅದರ ಜಾಡು ಹಿಡಿದು ಓದಲು ಕುಳಿತೆ. ಸೇನೆಯ ರಚನೆಯೇ ತಲೆಗೆ ಹತ್ತುತ್ತಿಲ್ಲ.

ಮಹಾರಾಜರ ಸೈನಿಕ ಬ್ರಿಟಿಷ್ ಜನರಲ್‌ನ ಕೈಕೆಳಗೆ ಹೇಗೆ ಬಂದ? ‘11ನೇ ಇಂಡಿಯನ್ ಡಿವಿಷನ್’ ಎಂದು ಹೆಸರಿದ್ದರೂ ಅದರೊಳಗೆ ಇಂಗ್ಲೆಂಡಿನ ಪಡೆಗಳು ಏಕಿದ್ದವು? 4/19, 1/14 ಎಂದು ಬರೆಯುತ್ತಾರಲ್ಲ, ಅದರ ಅರ್ಥವೇನು? ಎಲ್ಲಕ್ಕಿಂತ ಮುಖ್ಯವಾಗಿ, 70 ದಿನಗಳಲ್ಲಿ ಮಲಯಾ (ಇಂದಿನ ಮಲೇಷ್ಯಾದ ಪರ್ಯಾಯ ದ್ವೀಪ), ಸಿಂಗಾಪುರ ಎರಡನ್ನೂ ಕಳೆದುಕೊಂಡ ಸೇನೆ 1945ರ ಮೇ ತಿಂಗಳಿಗೆ ರಂಗೂನನ್ನು ಮರಳಿ ಹಿಡಿಯಿತು. ನಡುವೆ ಬದಲಾದದ್ದೇನು?

ಕಂಟೋನ್ಮೆಂಟ್‌ವಾಸಿ:
ಐ.ಎಸ್.ಎಫ್. ಎಂದರೆ ಇಂಡಿಯನ್ ಸ್ಟೇಟ್ಸ್ ಫೋರ್ಸಸ್, ದೇಶೀಯ ಸಂಸ್ಥಾನಗಳ ಪಡೆ. ಇದು ಬ್ರಿಟಿಷ್ ಭಾರತೀಯ ಸೇನೆಯ ಭಾಗವಲ್ಲ. ಮೈಸೂರು, ಹೈದರಾಬಾದ್, ಬಹಾವಲ್ಪುರ, ಕಪುರ್ಥಲಾ, ಜೀಂದ್ ಮುಂತಾದ ಸಂಸ್ಥಾನಗಳು ತಮ್ಮ ತಮ್ಮ ಪಡೆಗಳನ್ನು ಯುದ್ಧಕಾಲದಲ್ಲಿ ಸಾಮ್ರಾಟನ ಸೇವೆಗೆ ಎರವಲು ಕೊಡುತ್ತಿದ್ದವು. ಅಧಿಕಾರಿಗಳಿಗೆ ಅಧಿಕಾರಪತ್ರ ಕೊಡುತ್ತಿದ್ದವನು ರಾಜ. ಜೊತೆಗೆ ಸಲಹೆಗೆಂದು ಒಬ್ಬಿಬ್ಬರು ಬ್ರಿಟಿಷ್ ಅಧಿಕಾರಿಗಳಿರುತ್ತಿದ್ದರು. ಮಲಯಾಕ್ಕೆ ಹೋದ ಸಂಸ್ಥಾನದ ಬೆಟಾಲಿಯನ್‌ಗಳನ್ನು ಹೆಚ್ಚಾಗಿ ವಿಮಾನ ನಿಲ್ದಾಣಗಳ ಕಾವಲಿನಂಥ ಕೆಲಸಕ್ಕೆ ಹಾಕಿದರು. ಅಲ್ಲಿಗೆ ಹೋದ ಮೇಲೆ ಅವೆಲ್ಲವೂ ಜನರಲ್ ಪರ್ಸಿವಲ್‌ನ ಮಲಯಾ ಕಮಾಂಡಿನ ಅಧೀನ. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ನಿಮ್ಮ ಹಿರಿಯರ ಬೆಟಾಲಿಯನ್ನೂ ಅಲ್ಲೇ ಸೆರೆಯಾಯಿತು.

ನಕಾಶೆ:
4/19 ಎಂದರೆ 19ನೇ ರೆಜಿಮೆಂಟಿನ 4ನೇ ಬೆಟಾಲಿಯನ್. 1922ರ ಪುನರ್ರಚನೆಯಲ್ಲಿ ಹಳೆಯ ಬಿಡಿ ಪಡೆಗಳನ್ನು ದೊಡ್ಡ ರೆಜಿಮೆಂಟುಗಳಾಗಿ ಕೂಡಿಸಿದರು. ಸಾಮಾನ್ಯವಾಗಿ 1ರಿಂದ 5ರವರೆಗೆ ಕಾಯಂ ಬೆಟಾಲಿಯನ್‌ಗಳು, 10ನೆಯದು ತರಬೇತಿಯದು. ಯುದ್ಧ ಬಂದ ಮೇಲೆ 6, 7, 8 ಎಂದು ಹೊಸವು ಹುಟ್ಟಿಕೊಂಡವು. ಹಾಗಾಗಿ ಮೊದಲ ಅಂಕಿ ದೊಡ್ಡದಿದ್ದರೆ ಅದು ಯುದ್ಧಕಾಲದಲ್ಲಿ ಎಬ್ಬಿಸಿದ ಪಡೆ ಎಂದು ಬಹುಮಟ್ಟಿಗೆ ಊಹಿಸಬಹುದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ರೆಜಿಮೆಂಟ್ ಎಂಬುದು ಸೈನಿಕನ ಮನೆತನ, ಯುದ್ಧದ ಘಟಕವಲ್ಲ. ಒಂದೇ ರೆಜಿಮೆಂಟಿನ ಒಂದು ಬೆಟಾಲಿಯನ್ ಮಲಯಾದಲ್ಲಿ, ಇನ್ನೊಂದು ಲಿಬಿಯಾದಲ್ಲಿ, ಮತ್ತೊಂದು ವಾಯವ್ಯ ಗಡಿಯಲ್ಲಿ ಇರುತ್ತಿತ್ತು. ರಣರಂಗದಲ್ಲಿ ಮೂರು ಬೆಟಾಲಿಯನ್ ಸೇರಿದರೆ ಬ್ರಿಗೇಡ್, ಮೂರು ಬ್ರಿಗೇಡ್ ಸೇರಿದರೆ ಡಿವಿಷನ್, ಡಿವಿಷನ್‌ಗಳು ಸೇರಿದರೆ ಕೋರ್, ಕೋರ್‌ಗಳು ಸೇರಿದರೆ ಆರ್ಮಿ.

ಕಲಬುರಗಿ ಕೋಟೆ:
4/19 ಅಂದರೆ 19ನೇ ಹೈದರಾಬಾದ್ ರೆಜಿಮೆಂಟ್ ತಾನೆ? ನಮ್ಮ ನಿಜಾಮರ ಸೈನ್ಯ. ಅಂದ ಮೇಲೆ ನಮ್ಮ ರಾಯಚೂರು, ಬೀದರ್ ಕಡೆಯವರೂ ಅದರಲ್ಲಿ ಇದ್ದಿರಬೇಕು.

ನಕಾಶೆ:
ಅಲ್ಲ ಸರ್, ಇಲ್ಲಿ ಎಷ್ಟೋ ಜನ ಎಡವುತ್ತಾರೆ. 19ನೇ ಹೈದರಾಬಾದ್ ರೆಜಿಮೆಂಟ್ ಬ್ರಿಟಿಷ್ ಭಾರತೀಯ ಸೇನೆಯದು. ಹೆಸರಿನ ಮೂಲ ಹಳೆಯ ಹೈದರಾಬಾದ್ ಕಂಟಿಂಜೆಂಟಿನಲ್ಲಿದೆ (ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಪಡೆ) ನಿಜ, ಆದರೆ 1940ರ ಹೊತ್ತಿಗೆ ಅದರಲ್ಲಿದ್ದವರು ಕುಮಾವುನಿಗಳು, ಜಾಟರು, ಅಹೀರರು. 1945ರ ಅಕ್ಟೋಬರ್‌ನಲ್ಲಿ ಅದರ ಹೆಸರನ್ನೇ ಕುಮಾವುನ್ ರೆಜಿಮೆಂಟ್ ಎಂದು ಬದಲಿಸಿದರು. ನಿಜಾಮರದ್ದು ಬೇರೆ, 1ನೇ ಹೈದರಾಬಾದ್ ಇನ್‌ಫೆಂಟ್ರಿ, ಐ.ಎಸ್.ಎಫ್. ಅದು 1941ರ ಡಿಸೆಂಬರ್ 8ರಂದು ಜಪಾನೀಯರು ದಡ ಹತ್ತಿದಾಗ ಕೋಟ ಬಾರು ವಿಮಾನ ನಿಲ್ದಾಣದಲ್ಲಿತ್ತು. ನಿಮ್ಮ ಕಡೆಯವರನ್ನು ಹುಡುಕುವುದಾದರೆ ಅಲ್ಲಿ ಹುಡುಕಿ.

ಕಲಬುರಗಿ ಕೋಟೆ:
ಎರಡು ಹೈದರಾಬಾದ್! ನಮ್ಮ ಕಡೆಯ ಲೇಖನಗಳಲ್ಲಿ ಎರಡನ್ನೂ ಕಲಸಿಬಿಟ್ಟಿದ್ದಾರೆ.

ಸುಬೇದಾರರ ಮೊಮ್ಮಗಳು:
ಇಂಡಿಯನ್ ಡಿವಿಷನ್‌ನಲ್ಲಿ ಇಂಗ್ಲೆಂಡಿನವರು ಏಕೆ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಕಾರಣ 1857. ಆ ದಂಗೆಯ ನಂತರ ಭಾರತೀಯರನ್ನು ಒಟ್ಟಾಗಿ ಬಿಡಬಾರದು ಎಂಬ ಭಯ ಅವರ ರಕ್ತಕ್ಕೇ ಇಳಿಯಿತು. ಅದಕ್ಕಾಗಿ ಒಂದು ಬ್ರಿಗೇಡ್‌ನಲ್ಲಿ ಸಾಧಾರಣವಾಗಿ ಒಂದು ಬ್ರಿಟಿಷ್ ಬೆಟಾಲಿಯನ್, ಉಳಿದೆರಡು ಭಾರತೀಯ ಅಥವಾ ಗೂರ್ಖಾ. ಫಿರಂಗಿಯನ್ನಂತೂ ನಮ್ಮವರ ಕೈಗೆ ಕೊಡಲೇ ಇಲ್ಲ, ಬೆಟ್ಟದ ಸಣ್ಣ ತೋಪುಗಳ ದಳ ಮಾತ್ರ ಬಿಟ್ಟರು. ಭಾರತೀಯರ ಮೊದಲ ಫೀಲ್ಡ್ ಆರ್ಟಿಲರಿ ಪಡೆ ಹುಟ್ಟಿದ್ದು 1935ರ ಜನವರಿಯಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲಿ. ಸುಮಾರು ಎಂಬತ್ತು ವರ್ಷ ಕಾಯಿಸಿದರು!

ಬೆಟಾಲಿಯನ್ ಒಳಗೂ ಇದೇ ಲೆಕ್ಕ. ಒಂದು ಕಂಪನಿ ಜಾಟರದು, ಒಂದು ಪಂಜಾಬಿ ಮುಸಲ್ಮಾನರದು, ಒಂದು ಸಿಖ್ಖರದು, ಹೀಗೆ. ಅಡುಗೆಮನೆ ಬೇರೆ, ಹಬ್ಬ ಬೇರೆ. ಬ್ರಿಟಿಷ್ ಅಧಿಕಾರಿಗೂ ಸಿಪಾಯಿಗೂ ನಡುವೆ ಜಮಾದಾರ, ಸುಬೇದಾರ, ಸುಬೇದಾರ್ ಮೇಜರ್ ಎಂಬ ಮೂರು ಮೆಟ್ಟಿಲು. ಇವರಿಗೆ ವೈಸ್‌ರಾಯ್‌ನ ಅಧಿಕಾರಪತ್ರ. ಇಡೀ ಕಂಪನಿ ನಿಂತಿದ್ದು ಇವರ ಮೇಲೆ. ನಮ್ಮ ತಾತನಿಗೆ ಇಪ್ಪತ್ತು ವರ್ಷ ಸೇವೆಯಾದ ಮೇಲೂ ನಿನ್ನೆ ಬಂದ ಹುಡುಗ ಲೆಫ್ಟಿನೆಂಟ್‌ಗೆ ಸಲಾಮು ಹೊಡೆಯಬೇಕಿತ್ತು. ಆ ಹುಡುಗನಿಗೆ ನಕ್ಷೆ ಓದುವುದನ್ನು ಕಲಿಸಿದವರೂ ಅವರೇ.

ಮಲೆನಾಡಿಗ:
ಇಷ್ಟೆಲ್ಲ ಒಡೆದು ಆಳಿದ ಸೇನೆ ಮಲಯಾದಲ್ಲಿ ಸೋತದ್ದರಲ್ಲಿ ಆಶ್ಚರ್ಯವೇನು? ಮಾನಸಿಕವಾಗಿ ಯಾರೂ ಅವರಿಗಾಗಿ ಸಾಯಲು ಸಿದ್ಧರಿರಲಿಲ್ಲ. ಅಷ್ಟೇ ಕಥೆ.

ನಕಾಶೆ:
ಅಷ್ಟೇ ಕಥೆಯಾಗಿದ್ದರೆ ಇದೇ ಜಾಟರು, ಪಂಜಾಬಿಗಳು, ಗೂರ್ಖಾಗಳು 1944ರಲ್ಲಿ ಇಂಫಾಲ್‌ನಲ್ಲಿ ಜಪಾನಿನ ದಾಳಿಗೆ ಎದುರಾಗಿ ನಾಲ್ಕು ತಿಂಗಳು ಹೇಗೆ ನಿಂತರು? ಒಡೆದು ಆಳುವ ರಚನೆ ಆಗಲೂ ಹಾಗೆಯೇ ಇತ್ತು.

ಮಲಯಾದ ಸೋಲಿನಲ್ಲಿ ನಾನು ಕಾಣುವುದು ಸಂಘಟನೆಯ ಸೋಲು. 1939ರಲ್ಲಿ ಸುಮಾರು 2 ಲಕ್ಷವಿದ್ದ ಭಾರತೀಯ ಸೇನೆ ಯುದ್ಧ ಮುಗಿಯುವಾಗ 25 ಲಕ್ಷ. ಎಲ್ಲರೂ ಸ್ವಇಚ್ಛೆಯಿಂದ ಸೇರಿದವರು. ಈ ಹಿಗ್ಗುವಿಕೆಯ ಮೊದಲ ಪೆಟ್ಟು ಬಿದ್ದದ್ದು ಹಳೆಯ ಬೆಟಾಲಿಯನ್‌ಗಳಿಗೆ. ಹೊಸ ಪಡೆ ಕಟ್ಟಲು ಹಳೆಯದರಿಂದ ಒಳ್ಳೆಯ ಅಧಿಕಾರಿ, ಸುಬೇದಾರ, ಹವಾಲ್ದಾರರನ್ನು ಕಿತ್ತುಕೊಂಡು ಹೋಗುತ್ತಿದ್ದರು. ಮತ್ತೆ ಮತ್ತೆ ಕಿತ್ತರು. ಊರಿಗೆಲ್ಲ ಹೆಪ್ಪು ಕೊಟ್ಟು ಕೊಟ್ಟು ಮನೆಯ ಗಡಿಗೆಯೇ ಬರಿದಾದಂತೆ. 1941ರಲ್ಲಿ ಮಲಯಾದಲ್ಲಿದ್ದ ಬೆಟಾಲಿಯನ್‌ಗಳ ಹೆಸರು ಹಳೆಯದು, ಒಳಗಿನ ಜನ ಹೊಸಬರು.

45ನೇ ಇಂಡಿಯನ್ ಬ್ರಿಗೇಡನ್ನು ನೋಡಿ. 7/6 ರಜಪುತಾನಾ ರೈಫಲ್ಸ್, 4/9 ಜಾಟ್, 5/18 ಗಢವಾಲ್. ಮಧ್ಯಪ್ರಾಚ್ಯದ ಮರುಭೂಮಿಗೆಂದು ಗೊತ್ತುಮಾಡಿದ್ದ ಎಳೆಯ ಹುಡುಗರ ಪಡೆ. 1942ರ ಜನವರಿಯಲ್ಲಿ ಅದನ್ನು ಹಡಗಿನಿಂದ ಇಳಿಸಿ ನೇರವಾಗಿ ಮುವಾರ್ ನದಿಯ ದಡಕ್ಕೆ ನಿಲ್ಲಿಸಿದರು. ಎದುರಿಗೆ ಜಪಾನಿನ ಇಂಪೀರಿಯಲ್ ಗಾರ್ಡ್ಸ್. ಕೆಲವೇ ದಿನಗಳಲ್ಲಿ ಬ್ರಿಗೇಡಿಯರ್ ಡಂಕನ್ ಸತ್ತರು, ಬ್ರಿಗೇಡ್ ಎಂಬುದೇ ಇಲ್ಲವಾಯಿತು. ಆ ಹುಡುಗರಿಗೆ ಸಾಯುವ ಮನಸ್ಸಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಪುಸ್ತಕಪ್ರೇಮಿ:
ಒಪ್ಪಿದೆ. ಇನ್ನೊಂದು ಸೇರಿಸಿ: ಆಕ್ರಮಣ ಆರಂಭವಾದಾಗ ಮಲಯಾ ಕಮಾಂಡಿನಲ್ಲಿ ಒಂದೇ ಒಂದು ಟ್ಯಾಂಕ್ ಇರಲಿಲ್ಲ.

ಹೆಬ್ಬಾಗಿಲು:
ಮಲಯಾದಲ್ಲಿ ಯಾರು ಎಲ್ಲಿದ್ದರು ಎಂದು ಯಾರಾದರೂ ಚಿಕ್ಕದಾಗಿ ಹೇಳುವಿರಾ?

ಕಂಟೋನ್ಮೆಂಟ್‌ವಾಸಿ:
ಮೇಲೆ ಪರ್ಸಿವಲ್. ಉತ್ತರದಲ್ಲಿ ಜನರಲ್ ಹೀತ್‌ನ 3ನೇ ಇಂಡಿಯನ್ ಕೋರ್: ಪಶ್ಚಿಮದ ಕೆಡಾದಲ್ಲಿ 11ನೇ ಇಂಡಿಯನ್ ಡಿವಿಷನ್, ಪೂರ್ವ ಕರಾವಳಿಯಲ್ಲಿ 9ನೇ ಇಂಡಿಯನ್ ಡಿವಿಷನ್. ಎರಡೂ ಸಾಂಗವಾಗಿರಲಿಲ್ಲ. ಮೂರು ಬ್ರಿಗೇಡ್ ಇರಬೇಕಾದ 9ನೆಯದರಲ್ಲಿ ಇದ್ದದ್ದು ಎರಡು, ಅವೂ ಕೋಟ ಬಾರು ಮತ್ತು ಕ್ವಾಂಟನ್‌ನಲ್ಲಿ ಹಂಚಿಹೋಗಿ ವಿಮಾನ ನಿಲ್ದಾಣ ಕಾಯುತ್ತಿದ್ದವು. ದಕ್ಷಿಣದ ಜೊಹೊರ್‌ನಲ್ಲಿ 8ನೇ ಆಸ್ಟ್ರೇಲಿಯನ್ ಡಿವಿಷನ್. ಸಿಂಗಾಪುರ ಕೋಟೆಗೆ ಪ್ರತ್ಯೇಕ ಮಲಯಾ ಬ್ರಿಗೇಡ್‌ಗಳು.

11ನೇ ಡಿವಿಷನ್‌ಗೆ ಒಪ್ಪಿಸಿದ್ದು ಎರಡು ಕೆಲಸ: ಅಪ್ಪಣೆ ಬಂದರೆ ಸಯಾಮಿನೊಳಗೆ (ಇಂದಿನ ಥಾಯ್ಲೆಂಡ್) ನುಗ್ಗುವುದು, ಬಾರದಿದ್ದರೆ ಜಿತ್ರಾದಲ್ಲಿ ರಕ್ಷಣೆಗೆ ನಿಲ್ಲುವುದು. ಅಪ್ಪಣೆಗಾಗಿ ಕಾದು ಕಾದು ಎರಡೂ ಕೆಟ್ಟವು. ಜಿತ್ರಾದ ಕಂದಕಗಳಲ್ಲಿ ಮಳೆನೀರು ನಿಂತಿತ್ತು, ತಂತಿ ಬೇಲಿ ಪೂರ್ತಿಯಾಗಿರಲಿಲ್ಲ. ಅಲ್ಲಿ ಸೋತ ಮೇಲೆ ಎಷ್ಟು ಕಡಿಮೆ ಜನ ಉಳಿದರು ಎಂದರೆ, 6 ಮತ್ತು 15ನೇ ಬ್ರಿಗೇಡ್‌ಗಳನ್ನು ಕೂಡಿಸಿ ‘6/15’ ಎಂಬ ಒಂದೇ ಬ್ರಿಗೇಡ್ ಮಾಡಿದರು. ಈಸ್ಟ್ ಸರ‍್ರೇ ಮತ್ತು ಲೆಸ್ಟರ್ ಎಂಬ ಎರಡು ಇಂಗ್ಲಿಷ್ ಬೆಟಾಲಿಯನ್‌ಗಳನ್ನು ಹೊಲಿದು ‘ಬ್ರಿಟಿಷ್ ಬೆಟಾಲಿಯನ್’ ಎಂದು ಹೆಸರಿಟ್ಟರು. ಜನವರಿ 7ರಂದು ಸ್ಲಿಮ್ ನದಿಯ ಬಳಿ ಜಪಾನಿನ ಟ್ಯಾಂಕುಗಳು ಬೆಳಗಿನ ಜಾವ ರಸ್ತೆಯಲ್ಲೇ ಸಾಲಾಗಿ ಬಂದು ಎರಡು ಬ್ರಿಗೇಡ್‌ಗಳನ್ನು ಸೀಳಿಬಿಟ್ಟವು. ಮೊದಲ ಏಟು ತಿಂದದ್ದು ಮೇಲೆ ಹೇಳಿದ ಅದೇ 4/19.

ಕಾವೇರಿ ತೀರ:
4/19 ಎಂದಾಗ ಕೊಡಗಿನವರು ಸುಮ್ಮನಿರಲು ಸಾಧ್ಯವೇ? ನಮ್ಮ ತಿಮ್ಮಯ್ಯನವರು ಅದೇ ಬೆಟಾಲಿಯನ್‌ನವರು. ಅದರ ಜೊತೆ ಸಿಂಗಾಪುರಕ್ಕೂ ಹೋಗಿದ್ದರು, ಯುದ್ಧ ಬರುವ ಮೊದಲೇ ಭಾರತಕ್ಕೆ ವರ್ಗವಾಯಿತು. ಇಲ್ಲದಿದ್ದರೆ ಅವರೂ ಸೆರೆಯಲ್ಲಿರುತ್ತಿದ್ದರು. ಆಮೇಲೆ 8/19ರ ಕಮಾಂಡರ್ ಆಗಿ ಬರ್ಮಾದ ಅರಕಾನ್‌ಗೆ ಹೋದರು. 1945ರ ಜನವರಿಯಲ್ಲಿ ಕಂಗಾವ್ ಕದನ. ಬರ್ಮಾ ರಂಗದ ಜನರಲ್ ಸ್ಲಿಮ್‌ನ (ಮೇಲಿನ ನದಿಯಲ್ಲ) 14ನೇ ಆರ್ಮಿಯ ಹೆಮ್ಮೆಯ ಗೆಲುವು.

ನಕಾಶೆ:
ತಿಮ್ಮಯ್ಯನವರ ವಿಷಯ ಸರಿ, ಆರ್ಮಿಯ ವಿಷಯ ಸರಿಯಲ್ಲ. ಕಂಗಾವ್‌ನಲ್ಲಿ ಕಾದಿದ 25ನೇ ಇಂಡಿಯನ್ ಡಿವಿಷನ್ 15ನೇ ಕೋರ್‌ನದು. 1944ರ ಕೊನೆಗೆ ಆ ಕೋರ್ ಅನ್ನು ಸ್ಲಿಮ್‌ನ ಕೈಯಿಂದ ತೆಗೆದು ಮೇಲಿನ ಭೂಸೇನಾ ಪ್ರಧಾನ ಕಚೇರಿಯ ನೇರ ಅಧೀನಕ್ಕೆ ಹಾಕಿದ್ದರು, ಸ್ಲಿಮ್ ಮಧ್ಯ ಬರ್ಮಾದ ಮೇಲೆ ಮಾತ್ರ ಗಮನವಿಡಲಿ ಎಂದು.

ಆದರೆ ಕಂಗಾವ್‌ನ 51ನೇ ಬ್ರಿಗೇಡ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅದರ ಮೂರೂ ಬೆಟಾಲಿಯನ್ ಭಾರತೀಯ, ಮೂವರು ಕಮಾಂಡರ್‌ಗಳೂ ಭಾರತೀಯರು: ತಿಮ್ಮಯ್ಯ, ಥೋರಟ್, ಎಲ್.ಪಿ. ಸೇನ್. ಮೂವರಿಗೂ ಡಿ.ಎಸ್.ಒ. ಪದಕ ಬಂತು. ಒಂದು ಬ್ರಿಟಿಷ್, ಎರಡು ಭಾರತೀಯ ಎಂಬ 1857ರ ಲೆಕ್ಕ ಅಲ್ಲಿ ಸದ್ದಿಲ್ಲದೆ ಮುರಿದುಬಿತ್ತು. ಬಳಿಕ ತಿಮ್ಮಯ್ಯನವರು 36ನೇ ಬ್ರಿಗೇಡ್‌ನ ಮುಖ್ಯಸ್ಥರಾದರು.

ಕಾವೇರಿ ತೀರ:
ಕಾರ್ಯಪ್ಪನವರನ್ನು ಬಿಟ್ಟರೆ ಹೇಗೆ? 1942ರಲ್ಲಿ ಬೆಟಾಲಿಯನ್ ಒಂದರ ಕಮಾಂಡರ್ ಆದ ಮೊದಲ ಭಾರತೀಯರು ಅವರು. ಬರ್ಮಾ ರಂಗದಲ್ಲಿ 26ನೇ ಡಿವಿಷನ್‌ನ ಆಡಳಿತ ಮತ್ತು ಸರಬರಾಜಿನ ಹೊಣೆ ಹೊತ್ತಿದ್ದರು.

ಮಲೆನಾಡಿಗ:
ಸಂಘಟನೆ ಸಂಘಟನೆ ಎಂದು ಹೇಳುತ್ತಿದ್ದೀರಿ. 1944ರಲ್ಲಿ ಜಪಾನ್ ಸುಸ್ತಾಗಿತ್ತು. ಜಪಾನಿನ ಜನರಲ್ ಮುತಾಗುಚಿ ಇಂಫಾಲ್ ಹಿಡಿಯಲೆಂದು ಮೂರು ಡಿವಿಷನ್‌ಗಳನ್ನು ಕೆಲವೇ ವಾರಗಳ ಆಹಾರದೊಂದಿಗೆ ಬೆಟ್ಟ ಹತ್ತಿಸಿದ. ಆಕಾಶ ಪೂರ್ತಿ ಬ್ರಿಟಿಷ್, ಅಮೆರಿಕನ್ ವಿಮಾನಗಳದ್ದು. ಎದುರಾಳಿ ಹಸಿವಿನಿಂದ ಸತ್ತರೆ ಅದನ್ನು ಗೆಲುವು ಎನ್ನಬೇಕೇ?

ನಕಾಶೆ:
ಎದುರಾಳಿಯ ಹಸಿವು ನಿಜ. ಆದರೆ ತಾವು ಹಸಿಯದೆ ಉಳಿದದ್ದು ಹೇಗೆ? ಅದೇ ಸಂಘಟನೆ. 1942ರಲ್ಲಿ ರಸ್ತೆ ಕಡಿದರೆ ಬ್ರಿಗೇಡ್ ಹಿಂದಕ್ಕೆ ಓಡುತ್ತಿತ್ತು. 1944ರ ಫೆಬ್ರವರಿಯಲ್ಲಿ ಅರಕಾನ್‌ನಲ್ಲಿ 7ನೇ ಡಿವಿಷನ್ ಸುತ್ತುವರಿಯಲ್ಪಟ್ಟಾಗ ನಿಂತಲ್ಲೇ ನಿಂತಿತು, ಅನ್ನ, ಗುಂಡು ಎಲ್ಲ ಆಕಾಶದಿಂದ ಬಿತ್ತು. ಮಾರ್ಚ್‌ನಲ್ಲಿ 5ನೇ ಡಿವಿಷನ್ ಅನ್ನು ಅರಕಾನ್‌ನಿಂದ ವಿಮಾನದಲ್ಲಿ ಎತ್ತಿ ಇಂಫಾಲ್ ಕಡೆ ಇಳಿಸಿದರು, ಹೇಸರಗತ್ತೆಗಳನ್ನೂ ಬಿಡದೆ.

ಪ್ಯಾರಾಚೂಟ್ ಸಾಲದೆ ಹೋದಾಗ ಸ್ಲಿಮ್‌ನ ಸರಬರಾಜು ಮುಖ್ಯಸ್ಥ ಸ್ನೆಲ್ಲಿಂಗ್ ಕಲ್ಕತ್ತೆಯ ಸೆಣಬಿನ ಗಿರಣಿಗಳ ಮೊರೆಹೋದ. ಗೋಣಿಚೀಲದ ಬಟ್ಟೆಯಲ್ಲೇ ಪ್ಯಾರಾಚೂಟ್ ಹೊಲಿಸಿದರು. ಬೆಲೆ ಮಾಮೂಲಿಯದರ ಇಪ್ಪತ್ತರಲ್ಲಿ ಒಂದು ಪಾಲು. ಮನುಷ್ಯರಿಗೆ ಆಗದು, ಅಕ್ಕಿ, ಬೇಳೆ, ಮದ್ದುಗುಂಡಿಗೆ ಸಾಕು.

ಸುಬೇದಾರರ ಮೊಮ್ಮಗಳು:
ಜ್ವರದ ವಿಷಯ ಯಾರೂ ಎತ್ತಲಿಲ್ಲ. 1943ರಲ್ಲಿ ಒಬ್ಬ ಗಾಯಾಳುವಿಗೆ 120 ಮಂದಿ ರೋಗಿಗಳು ರಣರಂಗದಿಂದ ಹಿಂದಕ್ಕೆ ಹೋಗುತ್ತಿದ್ದರು. ಮಲೇರಿಯಾ, ಆಮಶಂಕೆ. ಮಲೇರಿಯಾ ಬಂದವರನ್ನು ನೂರಾರು ಮೈಲಿ ದೂರದ ಆಸ್ಪತ್ರೆಗೆ ಕಳುಹಿಸಿದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಆಗ ಮುಂಚೂಣಿಯ ಹಿಂದೆ ಕೆಲವೇ ಮೈಲಿಯಲ್ಲಿ ಡೇರೆ ಆಸ್ಪತ್ರೆಗಳನ್ನು ಹಾಕಿದರು, ವಾರಗಳಲ್ಲೇ ಸೈನಿಕ ತಿರುಗಿ ಬಂದ. ಮಲೇರಿಯಾ ತಡೆಯುವ ಮೆಪಾಕ್ರಿನ್ ಮಾತ್ರೆಯನ್ನು ದಿನವೂ ಸಾಲಿನಲ್ಲಿ ನಿಲ್ಲಿಸಿ ನುಂಗಿಸುತ್ತಿದ್ದರು. ನಮ್ಮ ತಾತ ಹೇಳುತ್ತಿದ್ದರು, ಮೈಯೆಲ್ಲ ಅರಿಸಿನ ಹಚ್ಚಿದ ಹಾಗೆ ಹಳದಿಯಾಗುತ್ತಿತ್ತಂತೆ. ಗಂಡಸುತನ ಹೋಗುತ್ತದೆ ಎಂಬ ಪುಕಾರು ಹಬ್ಬಿ ಬಾಯಲ್ಲಿಟ್ಟುಕೊಂಡು ಉಗಿಯುವವರಿದ್ದರಂತೆ. ಸ್ಲಿಮ್ ಹೇಳದೆ ಕೇಳದೆ ಪಡೆಗಳ ತಪಾಸಣೆ ಮಾಡಿಸಿದ. ನೂರಕ್ಕೆ 95ಕ್ಕಿಂತ ಕಡಿಮೆ ಜನ ಮಾತ್ರೆ ತಿಂದಿದ್ದರೆ ಕಮಾಂಡರ್ ಮನೆಗೆ. ಮೂವರನ್ನು ಹಾಗೆ ತೆಗೆದ ಮೇಲೆ ಉಳಿದವರಿಗೆ ಅರ್ಥವಾಯಿತು.

ಪುಸ್ತಕಪ್ರೇಮಿ:
ಎಲ್ಲದಕ್ಕೂ ಮೂಲದಲ್ಲಿ ಇನ್ನೊಂದಿದೆ: ಯಾರ ಮಾತು ಯಾರು ಕೇಳಬೇಕು ಎಂಬುದು. ಬರ್ಮಾದ ರಕ್ಷಣೆಯ ಹೊಣೆ ಸಿಂಗಾಪುರದ ದೂರಪ್ರಾಚ್ಯ ಕಮಾಂಡಿನಲ್ಲಿತ್ತು. 1941ರ ಡಿಸೆಂಬರ್‌ನಲ್ಲಿ ದೆಹಲಿಗೆ, 1942ರ ಜನವರಿಯಲ್ಲಿ ಜಾವಾದಲ್ಲಿ ಕುಳಿತ ಜನರಲ್ ವೇವೆಲ್‌ನ ಜಂಟಿ ಕಮಾಂಡಿಗೆ, ಫೆಬ್ರವರಿಯಲ್ಲಿ ಮತ್ತೆ ದೆಹಲಿಗೆ. ಶತ್ರು ಬಾಗಿಲಲ್ಲಿರುವಾಗ ಮೂರು ತಿಂಗಳಲ್ಲಿ ಮೂರು ಸಲ ಯಜಮಾನ ಬದಲಾದ! ಫೆಬ್ರವರಿ 23ರಂದು ಬರ್ಮಾದ ಸಿತ್ತಾಂಗ್ ನದಿಯ ಸೇತುವೆಯನ್ನು ನಮ್ಮ ಕಡೆಯವರೇ ಸಿಡಿಸಿದಾಗ 17ನೇ ಇಂಡಿಯನ್ ಡಿವಿಷನ್‌ನ ಹೆಚ್ಚಿನ ಪಾಲು ಇನ್ನೂ ಆಚೆ ದಡದಲ್ಲೇ ಇತ್ತು.

1943ರಲ್ಲಿ ಗೆರೆ ಎಳೆದರು. ಆಕಿನ್‌ಲೆಕ್ ಭಾರತದ ಮಹಾದಂಡನಾಯಕ: ಭರ್ತಿ, ತರಬೇತಿ, ಸರಬರಾಜು ಅವರದು. ಕಾದುವುದು ಮೌಂಟ್‌ಬ್ಯಾಟನ್‌ನ ಆಗ್ನೇಯ ಏಷ್ಯಾ ಕಮಾಂಡ್, ಅದರ ಕೆಳಗೆ 14ನೇ ಆರ್ಮಿ. ನನ್ನ ಮಟ್ಟಿಗೆ ಬರ್ಮಾದ ಗೆಲುವಿನ ಅರ್ಧ ಪಾಲು ಆಕಿನ್‌ಲೆಕ್ಕರದು, ಹೆಸರು ಮಾತ್ರ ಬೇರೆಯವರಿಗೆ ಹೋಯಿತು.

ನಕಾಶೆ:
ನೂರಕ್ಕೆ ನೂರು. ಅದೇ ವರ್ಷ 14 ಮತ್ತು 39ನೇ ಡಿವಿಷನ್‌ಗಳನ್ನು ರಣರಂಗದಿಂದ ತೆಗೆದು ಪೂರ್ತಿ ತರಬೇತಿ ಡಿವಿಷನ್ ಮಾಡಿದರು, ಒಂದು ಛಿಂದ್ವಾಡಾದಲ್ಲಿ, ಇನ್ನೊಂದು ಸಹಾರನ್‌ಪುರದಲ್ಲಿ. ರೆಜಿಮೆಂಟ್ ಕೇಂದ್ರದ ಕವಾಯತು ಮುಗಿಸಿದ ಹುಡುಗ ಎರಡು ತಿಂಗಳು ಕಾಡಿನಲ್ಲಿ ಬದುಕುವುದನ್ನೂ ಕಾದುವುದನ್ನೂ ಕಲಿತ ಮೇಲೆಯೇ ಮುಂಚೂಣಿಗೆ. ಮುವಾರ್‌ನ ಹುಡುಗರಿಗೆ ಸಿಗದೆ ಹೋದದ್ದು ಇದು.

ಬೆಳಗಾವಿ ಕುಂದಾ:
ನಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಿಂದ ಹೋದವರನ್ನೂ ನೆನೆಯಿರಿ. 4/5 ಮರಾಠಾ 1944ರ ಮಾರ್ಚ್‌ನಲ್ಲಿ ಸಾಂಗ್‌ಶಾಕ್‌ನಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಜೊತೆ ಕುಡಿಯುವ ನೀರಿಲ್ಲದೆ ಕಾದಿತು. ಜಪಾನೀಯರನ್ನು ಅಲ್ಲಿ ತಡೆದು ಗಳಿಸಿದ ಆ ದಿನಗಳು ಸಿಕ್ಕಿರದಿದ್ದರೆ ಕೊಹಿಮಾದ ಕಥೆ ಬೇರೆಯಾಗುತ್ತಿತ್ತು.

ಕಂಟೋನ್ಮೆಂಟ್‌ವಾಸಿ:
ಬೆಂಗಳೂರಿನ ಹಲಸೂರಿನ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ) ಕೂಡ. ದಕ್ಷಿಣದವರು ‘ಸಮರ ಜಾತಿ’ಗಳಲ್ಲ ಎಂದು ಮದ್ರಾಸ್ ರೆಜಿಮೆಂಟಿನ ಬೆಟಾಲಿಯನ್‌ಗಳನ್ನು 1920ರ ದಶಕದಲ್ಲಿ ಒಂದೊಂದಾಗಿ ಮುಚ್ಚಿದ್ದರು. ಯುದ್ಧದಲ್ಲಿ ಜನ ಸಾಲದೆ ಬಂದಾಗ ಅದೇ ರೆಜಿಮೆಂಟನ್ನು ಮತ್ತೆ ಎಬ್ಬಿಸಿ ಬರ್ಮಾ ಗಡಿಗೆ ಕಳುಹಿಸಿದರು.

ಶಾಲ್ಮಲಾ:
ಸಂಸ್ಥಾನದ ಪಡೆಯ ಮಾತು ಬಂದಿದ್ದರಿಂದ: ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರನ್ನು ಗೆದ್ದದ್ದೂ ಇದೇ ಏರ್ಪಾಡಿನಲ್ಲೇ? ಕುದುರೆ, ಭರ್ಜಿ ಹಿಡಿದು ಮಷಿನ್‌ಗನ್ ಎದುರು ಹೋದವರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಪಕ್ಕದಲ್ಲೇ ಓಡಾಡುವವರಿಗೂ ಗೊತ್ತಿಲ್ಲ.

ಕಂಟೋನ್ಮೆಂಟ್‌ವಾಸಿ:
ಹೌದು, ಆಗ ಹೆಸರು ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್. 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡ್‌ನಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ಇದ್ದವು. ಹೈಫಾಕ್ಕೆ ಬೇರೆಯದೇ ಚರ್ಚೆ ತೆರೆಯೋಣ, ಇಲ್ಲಿ ಬೆರೆಸುವುದು ಬೇಡ.

ಮಲೆನಾಡಿಗ:
ಕಡೆಗೂ ಇದು ನಮ್ಮನ್ನು ಆಳುತ್ತಿದ್ದವರ ಸೇನೆ. ಅದೇ ಹೊತ್ತಿಗೆ ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿದ್ದರು. ಆಜಾದ್ ಹಿಂದ್ ಫೌಜ್ ಬಗ್ಗೆ ಇಷ್ಟು ಹೊತ್ತಾದರೂ ಒಬ್ಬರೂ ಒಂದು ಮಾತು ಆಡಲಿಲ್ಲ, ನನಗೆ ಬೇಸರವಾಗುತ್ತಿದೆ.

ಸುಬೇದಾರರ ಮೊಮ್ಮಗಳು:
ಬೇಸರ ನ್ಯಾಯವಾದದ್ದೇ. ಸಂಘಟನೆಯ ಚರ್ಚೆಗೂ ಅದು ನೇರವಾಗಿ ಸೇರುತ್ತದೆ. 1923ರಲ್ಲಿ ಬ್ರಿಟಿಷರು ಎಂಟು ಪಡೆಗಳನ್ನು ಮಾತ್ರ ‘ಭಾರತೀಕರಣ’ಕ್ಕೆ ಆರಿಸಿದರು. ಭಾರತೀಯ ಅಧಿಕಾರಿಗಳನ್ನು ಅಲ್ಲಿಗೇ ತುಂಬಿದರೆ ಬ್ರಿಟಿಷ್ ಅಧಿಕಾರಿ ಭಾರತೀಯನ ಕೈಕೆಳಗೆ ನಿಲ್ಲುವ ಪ್ರಮೇಯ ಬಾರದು ಎಂಬ ಲೆಕ್ಕ. ಆ ಎಂಟರಲ್ಲಿ 4/19 ಒಂದು, 1/14 ಪಂಜಾಬ್ ಇನ್ನೊಂದು. ಜಿತ್ರಾದಲ್ಲಿ ಚದುರಿದ 1/14ರಿಂದಲೇ ಮೋಹನ್ ಸಿಂಗ್ ಬಂದರು, ಫೌಜಿನ ಮೊದಲ ರೂಪ ಕಟ್ಟಿದರು. ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಂತ ಶಾ ನವಾಜ್ ಖಾನ್, ಧಿಲ್ಲೋನ್ ಇಬ್ಬರೂ 1/14ರವರು. ಒಂದೇ ಸಮವಸ್ತ್ರ ತೊಟ್ಟು ಬೇರೆ ಸಂಬಳ, ಬೇರೆ ಮರ್ಯಾದೆ ಕಂಡವರು ಅವರು. ಫೌಜಿನಲ್ಲಿ ಜಾತಿವಾರು ಕಂಪನಿ ಇಲ್ಲ, ಒಂದೇ ಅಡುಗೆಮನೆ. ಬ್ರಿಟಿಷರು ಆಗದು ಎಂದದ್ದನ್ನು ಅವರು ಮಾಡಿ ತೋರಿಸಿದರು.

ಮಲೆನಾಡಿಗ:
ಈ ಮಾತು ಕೇಳಿ ಸಮಾಧಾನವಾಯಿತು. ಆದರೂ ಇಂಫಾಲ್‌ನಲ್ಲಿ ಜಪಾನಿನ ಸರಬರಾಜು ವೈಫಲ್ಯವೇ ಮೊದಲ ಕಾರಣ ಎಂಬ ನನ್ನ ವಾದ ಬಿಡುವುದಿಲ್ಲ.

ನಕಾಶೆ:
ಬಿಡಬೇಡಿ. ಆದರೆ 1945ರ ಮಾರ್ಚ್‌ನ ಮಧ್ಯ ಬರ್ಮಾದ ಮೆಯ್ಕ್‌ಟಿಲಾ ಕದನವನ್ನೂ ಓದಿ. ಎರಡು ವರ್ಷ ಹೇಸರಗತ್ತೆಯ ಹಿಂದೆ ಕಾಡಿನಲ್ಲಿ ನಡೆದ 17ನೇ ಡಿವಿಷನ್ ಅನ್ನು ಬಯಲಿಗೆ ಇಳಿಯುವ ಮೊದಲು ಪೂರ್ತಿ ಬದಲಿಸಿದರು: ಎರಡು ಬ್ರಿಗೇಡ್ ಲಾರಿಯಲ್ಲಿ, ಒಂದು ವಿಮಾನದಲ್ಲಿ ಸಾಗುವಂತೆ, ಜೊತೆಗೆ 255ನೇ ಟ್ಯಾಂಕ್ ಬ್ರಿಗೇಡ್. ಅಲ್ಲಿ ಜಪಾನೀಯರು ಸೋತದ್ದು ಹಸಿವಿನಿಂದಲ್ಲ.

ಹೆಬ್ಬಾಗಿಲು:
ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು, ಎಲ್ಲರಿಗೂ ವಂದನೆ. ಸೆರೆಯಾದ ಮೇಲೆ ಮೈಸೂರಿನವರನ್ನು ಎಲ್ಲಿಗೆ ಕಳುಹಿಸಿದರು ಎಂದು ತಿಳಿಯುವ ದಾರಿ ಇದೆಯೇ? ನಮ್ಮ ದೊಡ್ಡ ತಾತ ಮರಳಿ ಬರಲಿಲ್ಲ.

ಕಂಟೋನ್ಮೆಂಟ್‌ವಾಸಿ:
ಭಾರತೀಯ ಸೆರೆಯಾಳುಗಳಲ್ಲಿ ಹಲವರನ್ನು ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಹಡಗಿನಲ್ಲಿ ಸಾಗಿಸಿದ್ದರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ದಾಖಲೆಯಲ್ಲಿ ಮೊದಲು ಹುಡುಕಿ. ಸಮಾಧಿ ಇಲ್ಲದವರ ಹೆಸರುಗಳು ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿವೆ, ಬರ್ಮಾದಲ್ಲಿ ಮಡಿದವರದು ರಂಗೂನಿನ ತೌಕ್ಯಾನ್‌ನಲ್ಲಿ. ಹೆಸರಿನ ಇಂಗ್ಲಿಷ್ ಕಾಗುಣಿತ ನಾಲ್ಕಾರು ರೀತಿ ಇರಬಹುದು. ಅದಕ್ಕೆ ಹೆಸರಿನ ಬದಲು ‘ಮೈಸೂರು ಇನ್‌ಫೆಂಟ್ರಿ’ ಎಂದು ಪಡೆಯ ಹೆಸರಿನಲ್ಲೇ ಹುಡುಕಿ ಇಡೀ ಪಟ್ಟಿ ನೋಡಿ.

ಹೆಬ್ಬಾಗಿಲು:
ಇವತ್ತು ರಾತ್ರಿಯೇ ಕುಳಿತು ನೋಡುತ್ತೇನೆ. ಕಾಗದದ ಮೂಲೆಯಲ್ಲಿ ಒಂದು ಮಸುಕಾದ ಮುದ್ರೆಯೂ ಇದೆ, ಗಂಡಭೇರುಂಡ ಇರಬೇಕು.

ನಕಾಶೆ:
ಹೆಸರು, ಸಂಖ್ಯೆ ಮರೆಮಾಡಿ ಅದರ ಫೋಟೊ ಹಾಕಿ. ಸಂಸ್ಥಾನದ ಕಚೇರಿಯ ಮುದ್ರೆಯೋ ಬೆಟಾಲಿಯನ್‌ನದೋ ನೋಡೋಣ.